ಪ್ಲಾನ್ ಮುಂದೆ ಅಮ್ಮನನ್ನೂ ಕೂರಿಸಿ

ಹೋದ ವಾರ ನನ್ನ ತಮ್ಮ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದ. ತಿಪಟೂರಿನಲ್ಲಿ ಮನೆ ಕಟ್ಟಿಸೋಕೆ ಹೊರಟಿದ್ದಾನೆ, 30×40 ಸೈಟು. "ಅಕ್ಕಾ, ಪ್ಲಾನ್ ಬಂದಿದೆ ನೋಡು. ಸೋಮವಾರ ಓಕೆ ಹೇಳ್ಬೇಕು." ಅದರ ಕೆಳಗೆ ಅಮ್ಮನ ವಾಯ್ಸ್ ಮೆಸೇಜ್: "ನಂಗೇನು ಗೊತ್ತಾಗುತ್ತೆ, ಬರೀ ಗೆರೆ. ನೀವೇ ನೋಡ್ಕೊಳ್ಳಿ."

ಅಮ್ಮನ ಆ ಮಾತು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಆರು ವರ್ಷದ ಹಿಂದೆ ನಾನೂ ಅದನ್ನೇ ಹೇಳಿದ್ದೆ.

ಆಗ ಮೈಸೂರಿನಲ್ಲಿ ನಮ್ಮ ಮನೆ ಶುರುವಾಗಿತ್ತು. ಊಟದ ಟೇಬಲ್ ಮೇಲೆ ಪ್ಲಾನ್ ಹರಡಿಕೊಂಡು ನಮ್ಮವರು ಮತ್ತು ಇಂಜಿನಿಯರ್ ಮಾತಾಡುತ್ತಿದ್ದರು. ನಾನು ಕಾಫಿ ಕೊಟ್ಟು ಒಳಗೆ ಹೋದೆ. ಅತ್ತೆಯನ್ನಂತೂ ಯಾರೂ ಕರೆಯಲೇ ಇಲ್ಲ. ನಮ್ಮಿಬ್ಬರನ್ನು ಕೇಳಿದ್ದು ಟೈಲ್ಸ್ ಬಣ್ಣ, ಅಡುಗೆಮನೆ ಗ್ರಾನೈಟು, ದೇವರ ಮನೆ ಬಾಗಿಲಿನ ಕೆತ್ತನೆ. ಮನೆ ಚೆನ್ನಾಗೇ ಬಂತು. ಬಂದವರೆಲ್ಲ ಹೊಗಳಿದರು.

ಎರಡು ವರ್ಷದ ಹಿಂದೆ ಅತ್ತೆ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ವೀಲ್‌ಚೇರ್‌ನಲ್ಲಿ ಮನೆಗೆ ಬಂದರು. ರೂಮಿನವರೆಗೆ ಆರಾಮಾಗಿ ಬಂದ ಕುರ್ಚಿ ಬಚ್ಚಲಮನೆ ಬಾಗಿಲಲ್ಲಿ ನಿಂತುಬಿಟ್ಟಿತು. ಹಿಂದೆ ತಗೊಂಡು ಮತ್ತೆ ತಳ್ಳಿದೆ. ಚಕ್ರದ ರಿಂಗು ಚೌಕಟ್ಟಿಗೆ ಉಜ್ಜಿತು, ಒಳಗೆ ಹೋಗಲಿಲ್ಲ. ಅತ್ತೆ ಏನೂ ಅನ್ನಲಿಲ್ಲ. ಸೆರಗು ಸರಿ ಮಾಡಿಕೊಂಡು ನೆಲ ನೋಡುತ್ತಾ ಕೂತರು.

ಎರಡೂವರೆ ಅಡಿ ಬಾಗಿಲು ಅಂತ ಎಲ್ಲರೂ ಹೇಳಿದ್ದರು. ಅಂದರೆ 30 ಇಂಚು. ಕುರ್ಚಿ ಇದ್ದದ್ದು 25. ಟೇಪ್ ಹಿಡಿದು ನೋಡಿದಾಗ ಗೊತ್ತಾಯಿತು. ಪ್ಲಾನಿನಲ್ಲಿ ಬರೆದಿದ್ದ ಆ ಎರಡೂವರೆ ಅಡಿ ಚೌಕಟ್ಟೂ ಸೇರಿಸಿ. ಆ ಕಡೆ 3 ಇಂಚು, ಈ ಕಡೆ 3 ಇಂಚು ಮರ ಕಳೆದರೆ ಉಳಿಯೋದು 24. ಒಂದೇ ಒಂದು ಇಂಚಿಗೆ ನಾಲ್ಕು ತಿಂಗಳು ಅವರನ್ನು ಇಬ್ಬರು ಎತ್ತಿಕೊಂಡು ಹೋಗಬೇಕಾಯಿತು. ರಾತ್ರಿ ನಮ್ಮನ್ನು ಎಬ್ಬಿಸಬಾರದು ಅಂತ ಸಂಜೆ ಐದರ ಮೇಲೆ ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಇದು ನನಗೆ ತುಂಬಾ ತಡವಾಗಿ ತಿಳಿಯಿತು. ಈಗಲೂ ನೆನೆಸಿಕೊಂಡರೆ ಸಂಕಟ ಆಗುತ್ತೆ.

ಆಮೇಲೆ ಬೀರುವಿನಿಂದ ಹಳೇ ಪ್ಲಾನ್ ತೆಗೆದು ನೋಡಿದೆ. ಎಲ್ಲ ಅದರಲ್ಲೇ ಇತ್ತು. ಮೂಲೆಯ ಪುಟ್ಟ ಪಟ್ಟಿಯಲ್ಲಿ ಡಿ ಅಂದರೆ ಮುಂಬಾಗಿಲು, ಡಿ1 ರೂಮಿನದು, ಡಿ2 ಬಚ್ಚಲಿನದು, ಡಬ್ಲ್ಯು ಕಿಟಕಿ, ವಿ ಗಾಳಿಕಿಂಡಿ. ಎದುರಿಗೇ ಅಳತೆ. ಕಟ್ಟೋ ಮೊದಲು ಪೆನ್ಸಿಲ್‌ನಿಂದ ತಿದ್ದಿದ್ದರೆ ಮುಗಿಯುತ್ತಿತ್ತು.

ಪ್ಲಾನ್ ಓದೋದು ಕಷ್ಟ ಅಲ್ಲ. ಕಟ್ಟಿದ ಮನೆಯನ್ನು ನೆಲದಿಂದ ಸುಮಾರು ನಾಲ್ಕಡಿ ಮೇಲೆ ಅಡ್ಡಡ್ಡ ಕೊಯ್ದು, ಮೇಲಿನ ಭಾಗ ತೆಗೆದಿಟ್ಟು, ಬಗ್ಗಿ ನೋಡಿದ ಹಾಗೆ. ಇಡ್ಲಿ ಪಾತ್ರೆ ಮುಚ್ಚಳ ತೆಗೆದು ನೋಡ್ತೀವಲ್ಲ, ಹಾಗೇ. ಕೊಯ್ದಾಗ ಸಿಕ್ಕ ಗೋಡೆಗಳು ದಪ್ಪ ಗೆರೆ. ಅದಕ್ಕಿಂತ ಕೆಳಗಿರುವ ಅಡುಗೆ ಕಟ್ಟೆ, ಮೆಟ್ಟಿಲು ತೆಳು ಗೆರೆ. ತಲೆ ಮೇಲಿರುವ ಅಟ್ಟ, ಸಜ್ಜಾ, ಬೀಮು ಚುಕ್ಕಿ ಗೆರೆ. ಬಾಗಿಲ ಹತ್ತಿರ ಚಕ್ರದ ಕಾಲು ಭಾಗದಂಥ ಬಾಗಿದ ಗೆರೆ ಇರುತ್ತೆ. ಬಾಗಿಲು ಯಾವ ಕಡೆ ತೆರೆಯುತ್ತೆ, ಎಷ್ಟು ಜಾಗ ತಿನ್ನುತ್ತೆ ಅಂತ ಅದು ಹೇಳುತ್ತೆ. ಇಷ್ಟು ಗೊತ್ತಿದ್ದರೆ ಮುಕ್ಕಾಲು ಭಾಗ ಬಂದ ಹಾಗೆ.

ಒಂದು ಎಚ್ಚರಿಕೆ. ಪಿಡಿಎಫ್ ಅನ್ನು ಸಣ್ಣ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಸ್ಕೇಲ್ ಇಟ್ಟು ಅಳೆಯಬೇಡಿ. ಚಿತ್ರ ಕುಗ್ಗಿರುತ್ತೆ, 1:100 ಅಂತ, ಅಂದರೆ ಕಾಗದದ ಒಂದು ಇಂಚಿಗೆ ನೆಲದಲ್ಲಿ ನೂರು ಇಂಚು ಅಂತ ಬರೆದಿದ್ದರೂ ಲೆಕ್ಕ ತಪ್ಪುತ್ತೆ. ಬರೆದಿರುವ ಅಂಕಿಯನ್ನೇ ನಂಬಿ. ಆ ಅಂಕಿ ಗೋಡೆ ಒಳಗಿನಿಂದ ಒಳಕ್ಕಾ, ಗೋಡೆ ನಡುವಿನಿಂದ ನಡುವಿಗಾ ಅಂತಲೂ ಕೇಳಿ. 9 ಇಂಚಿನ ಗೋಡೆಯಲ್ಲಿ ನಡುವಿನಿಂದ ನಡುವಿಗೆ 10 ಅಡಿ ಅಂದರೆ ಒಳಗೆ ಸಿಗೋದು 9 ಅಡಿ 3 ಇಂಚು. ಪ್ಲಾಸ್ಟರ್ ಆದ ಮೇಲೆ ಇನ್ನೂ ಕಡಿಮೆ. ಐದಡಿ ಅಗಲದ ಮಂಚ, ಎರಡಡಿ ವಾರ್ಡ್‌ರೋಬ್ ಇಟ್ಟರೆ ನಡುವೆ ಓಡಾಡೋಕೆ ಉಳಿಯೋದು ಎರಡು ಅಡಿಯ ಮೇಲೆ ಚೂರು.

ಗೋಡೆ ತಿನ್ನುವ ಜಾಗ ಸಣ್ಣದಲ್ಲ. 30×40 ಸೈಟಿನಲ್ಲಿ ಸುತ್ತ ಮೂರು ಮೂರು ಅಡಿ ಬಿಟ್ಟರೆ ಅಂತ ಇಟ್ಕೊಳ್ಳಿ, ಸಿಗೋದು 24×34, ಅಂದರೆ 816 ಚದರಡಿ. ಹೊರಗೋಡೆ 9 ಇಂಚಾದರೆ ಅದೊಂದೇ ಸುಮಾರು 85 ಚದರಡಿ ನುಂಗುತ್ತೆ. 6 ಇಂಚಿನ ಬ್ಲಾಕ್ ಆದರೆ 57. ಆ ವ್ಯತ್ಯಾಸದಲ್ಲಿ ಒಂದು ಬಚ್ಚಲಮನೆ ಬರುತ್ತೆ.

ನಮ್ಮಜ್ಜಿ ಶಾಲೆಗೆ ಹೋದವರಲ್ಲ. ಆದರೆ ಮನೆಯ ಪ್ಲಾನ್ ಅವರ ಬಾಯಲ್ಲೇ ಇತ್ತು. ಎರಡು ಕಂಬದ ನಡುವಿನ ಜಾಗ ಒಂದು ಅಂಕಣ. ಹೆಣ್ಣು ನೋಡೋಕೆ ಹೋಗಿ ಬಂದವರು "ಒಂಬತ್ತಂಕಣದ ಮನೆ, ನಡುವೆ ತೊಟ್ಟಿ" ಅಂದರೆ ಸಾಕು, ಕೇಳಿದವರ ಕಣ್ಣಿಗೆ ಮನೆ ಕಟ್ಟುತ್ತಿತ್ತು. ಪಡಸಾಲೆ ಎಲ್ಲಿ, ಮಳೆಗಾಲದಲ್ಲಿ ಕಾಳು ಒಣಗಿಸೋದೆಲ್ಲಿ, ಬಾಣಂತಿ ಕೋಣೆ ಯಾವುದು ಅಂತ ಮನೆಯವರೆಲ್ಲ ಹೇಳಬಲ್ಲವರಾಗಿದ್ದರು. ಕಾಗದಕ್ಕೆ ಬಂದ ಮೇಲೆ ಅದು ಒಂದಿಬ್ಬರ ಸೊತ್ತಾಯಿತು. ಇದು ನನಗೆ ನಿಜವಾಗಿ ನೋವಿನ ವಿಷಯ. ದಿನಕ್ಕೆ ಹದಿನಾರು ಗಂಟೆ ಮನೆಯೊಳಗೆ ಇರುವವರನ್ನು ಯಾರೂ ಕೇಳೋದಿಲ್ಲ.

ಈಗ ಪ್ಲಾನ್ ಬಂತು ಅಂದರೆ ಚರ್ಚೆಯೆಲ್ಲ ವಾಸ್ತುವಿನದ್ದೇ. ವಾಸ್ತು ನೋಡಬೇಡಿ ಅಂತ ಹೇಳ್ತಿಲ್ಲ, ನಾವೂ ನೋಡಿದ್ದೇವೆ. ಆದರೆ ಅಡುಗೆಮನೆ ಆಗ್ನೇಯಕ್ಕಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ, ಒಳಗೆ ಇಬ್ಬರು ನಿಲ್ಲಬಹುದಾ ಅಂತಲೂ ನೋಡಬೇಕು, ಅಲ್ವಾ?

ತಮ್ಮನ ಪ್ಲಾನಿನಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಮೆಟ್ಟಿಲಿಗೆ. ಮೆಟ್ಟಿಲಿನ ಎತ್ತರ ಪ್ಲಾನಿನಲ್ಲಿ ಕಾಣಲ್ಲ, ಎಣಿಸಬೇಕು. ನೆಲದಿಂದ ಮೇಲಿನ ನೆಲಕ್ಕೆ 10 ಅಡಿ, ಅಂದರೆ 120 ಇಂಚು. ಅವನದರಲ್ಲಿ 16 ಮೆಟ್ಟಿಲಿತ್ತು. ಭಾಗಿಸಿದರೆ ಏಳೂವರೆ ಇಂಚು. ಅಮ್ಮನಿಗೆ ಮಂಡಿನೋವು, ಆ ಎತ್ತರ ಆಗೋದೇ ಇಲ್ಲ. 20 ಮಾಡಿದರೆ 6 ಇಂಚಿಗೆ ಇಳಿಯುತ್ತೆ. ಅರ್ಧ ಹತ್ತಿ, ತಿರುಗಿ, ಮತ್ತೆ ಅರ್ಧ ಹತ್ತುವ ಮಡಿಕೆ ಮೆಟ್ಟಿಲಾದ್ದರಿಂದ ಹೆಚ್ಚಿನ ನಾಲ್ಕು ಮೆಟ್ಟಿಲು ಎರಡೆರಡಾಗಿ ಹಂಚಿಹೋಗುತ್ತೆ. ಒಂದಕ್ಕೆ 10 ಇಂಚಿನಂತೆ ಉದ್ದಕ್ಕೆ ಇನ್ನೊಂದು 20 ಇಂಚು ಬೇಕು. "ಹಾಲ್‌ನಿಂದ ತಗೋ, ಸೋಫಾ ಸಣ್ಣದು ತರಿಸು" ಅಂದೆ. ಅವನು ಒಪ್ಪಿದ.

ಆಮೇಲೆ ಮಗಳ ಗ್ರಾಫ್ ಪುಸ್ತಕ ತಗೊಂಡು ಅರ್ಧ ಸೆಂಟಿಮೀಟರ್‌ಗೆ ಒಂದಡಿ ಅಂತ ಇಟ್ಟು ಪ್ಲಾನ್ ಬರೆದೆ. ಸೈಟು ಒಂದೇ ಹಾಳೆಯಲ್ಲಿ ಹಿಡಿಸುತ್ತೆ. ಹಳೇ ಮದುವೆ ಪತ್ರಿಕೆ ಕತ್ತರಿಸಿ ಮಂಚ, ಬೀರು, ಫ್ರಿಜ್, ವಾಷಿಂಗ್ ಮೆಷಿನ್ ಮಾಡಿ ಜೋಡಿಸಿದೆ. ವಾಷಿಂಗ್ ಮೆಷಿನ್‌ಗೆ ಎಲ್ಲೂ ಜಾಗವೇ ಇರಲಿಲ್ಲ.

ಓಕೆ ಹೇಳೋ ಮೊದಲು ಒಂದು ಸಲ ಸೈಟಿನಲ್ಲಿ ಗುರುತು ಹಾಕಿ ತೋರಿಸಿ ಅಂತ ಮೇಸ್ತ್ರಿಯನ್ನು ಕೇಳಿಕೊಂಡೆವು. ನಿನ್ನೆ ಭಾನುವಾರ ಎಲ್ಲರೂ ಹೋಗಿದ್ದೆವು. ಮೇಸ್ತ್ರಿ ಗೂಟ ಹೊಡೆದು ದಾರ ಕಟ್ಟಿದರು. ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಆ ಎರಡರ ನಡುವೆ 5 ಅಡಿ ಸರಿಯಾಗಿ ಬರುವವರೆಗೂ ದಾರ ಸರಿಸಿದರು. ಆಗ ಮೂಲೆ ಸೊಟ್ಟ ಬರಲ್ಲ. ಆಮೇಲೆ ದಾರದ ಗುಂಟ ಸುಣ್ಣದ ಪುಡಿ ಬಿಟ್ಟರು. ಗೆರೆ ನೆಲಕ್ಕೆ ಇಳಿಯಿತು.

"ಅಮ್ಮಾ, ಒಳಗೆ ಬಾ" ಅಂದ ತಮ್ಮ. ಅಮ್ಮ ಚಪ್ಪಲಿ ಬಿಟ್ಟರು. ಮುಂಬಾಗಿಲಿಗೆ ಬಿಟ್ಟ ಜಾಗದಲ್ಲೇ ಒಳಗೆ ಬಂದರು, ಗೆರೆ ತುಳಿಯಲಿಲ್ಲ. ಅಡುಗೆಮನೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತು ಕೈಯಲ್ಲಿ ದೋಸೆ ಹುಯ್ದ ಹಾಗೆ ಮಾಡಿ ನೋಡಿದರು. "ಫ್ರಿಜ್ ಎಲ್ಲೋ?" "ನಿನ್ನ ಹಿಂದೇನೇ ಅಮ್ಮ." "ಹಂಗಾದ್ರೆ ಅದರ ಬಾಗಿಲು ತೆಗೆದವರು ನನ್ನ ಬೆನ್ನಿಗೇ ಹೊಡೀತಾರಲ್ಲೋ."

ಟೇಪ್ ಹಿಡಿದೆವು. ಏಳಡಿ ಅಗಲದಲ್ಲಿ ಕಟ್ಟೆಗೆ ಎರಡು, ಫ್ರಿಜ್‌ಗೆ ಎರಡೂವರೆ. ಉಳಿದ ಎರಡೂವರೆ ಅಡಿಯಲ್ಲಿ ಅಮ್ಮನೂ ಇರಬೇಕು, ಫ್ರಿಜ್ ಬಾಗಿಲೂ ತೆರೆಯಬೇಕು. ಅಮ್ಮ ಹೇಳಿದ್ದೇ ಸರಿ.

ತಮ್ಮ ಅಲ್ಲೇ ನಿಂತು ಇಂಜಿನಿಯರ್‌ಗೆ ಫೋನ್ ಮಾಡಿ "ಸಾರ್, ನಾಳೆ ಬೇಡ, ಇನ್ನೊಂದು ವಾರ ಕೊಡಿ. ಬಚ್ಚಲಿನ ಬಾಗಿಲೂ ಮೂರಡಿ ಮಾಡ್ಬೇಕು" ಅಂದ. ಅಮ್ಮ ಅಷ್ಟರಲ್ಲಿ ದೇವರ ಮನೆಗೆ ಹೋಗಿ ಕೂತಿದ್ದರು. "ಇಲ್ಲಿಂದ ಏಳುವಾಗ ಕೈಗೆ ಗೋಡೆ ಸಿಗಬೇಕು, ಟೇಪ್ ತಗೊಂಡು ಬಾರೋ" ಅಂತ ಅಲ್ಲಿಂದಲೇ ಕೂಗಿದರು.