ದ್ರಾಕ್ಷಿತೋಟ ನೋಡಬೇಕಂದ್ರೆ ಚಳಿಗಾಲದಲ್ಲಿ ಹೋಗಿ

ದ್ರಾಕ್ಷಿತೋಟ, ವೈನರಿ ಅಂದ ತಕ್ಷಣ ಎಲ್ಲರ ಫೋಟೊನೂ ಒಂದೇ. ಬುಟ್ಟಿ ತುಂಬ ಕಪ್ಪು ಗೊಂಚಲು, ಇಳಿಬಿಸಿಲು, ಕೈಯಲ್ಲೊಂದು ಗ್ಲಾಸು. ಮೊನ್ನೆ ಪರಿಚಯದವರೊಬ್ಬರು, "ಒಂದು ತಿಂಗಳು ಕೊಯ್ಲು, ಉಳಿದ ಹನ್ನೊಂದು ತಿಂಗಳು ಆರಾಮ, ಪುಣ್ಯ ಮಾಡಿರಬೇಕು" ಅಂದರು. ಚಳಿ ಸೀಮೆಯ ಅಂಥದ್ದೊಂದು ಚಿಕ್ಕ ತೋಟದಲ್ಲಿ ಇಡೀ ವರ್ಷ ದುಡಿಯೋ ತನಕ ನಾನೂ ಹಾಗೇ ತಿಳಿದಿದ್ದೆ. ಅಜ್ಜ, ಅಜ್ಜಿ, ಅವರ ಮಗಳು, ಮೂರೇ ಜನ ನಡೆಸುವ ತೋಟ. ಮನೆ ಕೆಳಗಿನ ನೆಲಮಾಳಿಗೆಯೇ ವೈನರಿ. ಅಲ್ಲಿಂದ ಬಂದ ಮೇಲೆ ನನಗೆ ಒಂದು ಮಾತು ಖಾತ್ರಿಯಾಗಿದೆ. ಆ ಬಾಟಲಿಯ ಹಣೆಬರಹ ಬರೆಯೋದು ಚಳಿಗಾಲದ ಕತ್ತರಿ. ಕೊಯ್ಲು ಅದನ್ನ ಓದೋ ದಿನ, ಅಷ್ಟೆ.

ಚಳಿಗಾಲದ ತೋಟದಲ್ಲಿ ಕಣ್ಣಿಗೆ ಹಬ್ಬ ಅನ್ನೋದು ಏನೂ ಇರಲ್ಲ. ಎಲೆ ಉದುರಿ, ತಂತಿ ಮೇಲೆ ಕಂದು ಕಡ್ಡಿಗಳು ಸಿಕ್ಕುಸಿಕ್ಕಾಗಿ ನಿಂತಿರುತ್ತವೆ. ಬಳ್ಳಿ ನಿದ್ದೆಗೆ ಜಾರಿರುವ ಆ ಹೊತ್ತಲ್ಲೇ ಚಾಟ್ನಿ, ಅಂದರೆ ಕಡ್ಡಿ ಸವರೋ ಕೆಲಸ. ಹಿಂದಿನ ವರ್ಷ ಬೆಳೆದದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಕತ್ತರಿಸಿ ಕೆಡವಬೇಕು. ಮೊದಲ ದಿನ ನನಗಂತೂ ಕೈಯೇ ಬರಲಿಲ್ಲ, ಇಷ್ಟೆಲ್ಲ ಬೆಳೆದದ್ದನ್ನ ಕಡಿಯೋದಾ ಅಂತ. ಆದರೆ ಗೊಂಚಲು ಬಿಡೋದು ಕಳೆದ ವರ್ಷದ ಕಡ್ಡಿಯ ಕಣ್ಣಿಂದ ಈ ವರ್ಷ ಒಡೆಯೋ ಚಿಗುರಲ್ಲಿ. ಕಣ್ಣು ಜಾಸ್ತಿ ಬಿಟ್ಟರೆ ಗೊಂಚಲು ಜಾಸ್ತಿ, ಹಣ್ಣು ಸಪ್ಪೆ. ತೀರಾ ಕಮ್ಮಿ ಬಿಟ್ಟರೆ ಬಳ್ಳಿ ಬರೀ ಎಲೆ, ಬರೀ ಸೊಕ್ಕು. ಪ್ರತಿ ಬಳ್ಳಿಯ ಮುಂದೂ ನಿಂತು, ಇದಕ್ಕೆ ಎಷ್ಟು ಹೊರುವ ಶಕ್ತಿ ಇದೆ ಅಂತ ನೋಡಿಯೇ ಕತ್ತರಿ ಹಾಕಬೇಕು. ಅಂಥ ಬಳ್ಳಿಗಳು ಸಾವಿರಾರು. ಬೆರಳು ಮರಗಟ್ಟಿರುತ್ತೆ, ಸೊಂಟ ಬಿದ್ದುಹೋಗಿರುತ್ತೆ, ಆದರೂ ಯೋಚನೆ ಮಾಡೋದು ತಪ್ಪಿಸೋಹಾಗಿಲ್ಲ.

ಎರಡನೇ ವಾರ ನಾನು ಒಂದು ಬಳ್ಳಿ ಕೆಡಿಸಿದೆ. ತಂತಿಗೆ ಕಟ್ಟಿದ ತೋಳಿನ, ಅಂದರೆ ಬಳ್ಳಿಯ ಹಳೆ ಕೊಂಬೆಯ, ಮೇಲೆ ಅಲ್ಲಲ್ಲಿ ಎರಡೆರಡು ಕಣ್ಣಿನ ಮೋಟು ಬಿಟ್ಟುಕೊಂಡು ಹೋಗಬೇಕಿತ್ತು. ಅವಸರದಲ್ಲಿ ಒಂದು ಕಡೆ ಬುಡಕ್ಕೇ ಸವರಿಬಿಟ್ಟೆ. ಅಜ್ಜ ಬಂದು ನೋಡಿದರು. ಬೈಯಲಿಲ್ಲ. ಜೇಬಿಂದ ಕೆಂಪು ದಾರ ತೆಗೆದು ಆ ಬಳ್ಳಿಗೆ ಕಟ್ಟಿ, "ಇದು ತುಂಬಿಕೊಳ್ಳೋಕೆ ಎರಡು ವರ್ಷ ಬೇಕು" ಅಂದು ಮುಂದಿನ ಬಳ್ಳಿಗೆ ಹೋದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಣ್ಣು ಹತ್ತು ಡಿಗ್ರಿಯ ಹತ್ತಿರ ಬೆಚ್ಚಗಾದಾಗ ಬಳ್ಳಿ ಅಳುತ್ತೆ. ಅಲ್ಲಿಯವರು ಹೇಳೋದೇ ಹಾಗೆ. ಬೇರು ಎದ್ದು ನೀರು ಮೇಲಕ್ಕೆ ತಳ್ಳುತ್ತೆ, ಚಾಟ್ನಿಯ ಪ್ರತಿ ಗಾಯದ ತುದಿಯಲ್ಲೂ ಒಂದು ಹನಿ. ಬೆಳಗಿನ ಬಿಸಿಲಿಗೆ ಸಾಲುಸಾಲಾಗಿ ಹೊಳೆಯೋ ಆ ಹನಿಗಳನ್ನ ನಾನು ಸಾಯೋವರೆಗೂ ಮರೆಯಲ್ಲ. ನಾಲಿಗೆಗಿಟ್ಟರೆ ಹೆಚ್ಚುಕಮ್ಮಿ ನೀರೇ.

ಚಿಗುರು ಬಂತು ಅಂದರೆ ಭಯವೂ ಬಂತು. ಒಂದೇ ರಾತ್ರಿ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದರೆ ಎಳೆ ಚಿಗುರು ಬೆಳಗ್ಗೆ ಸುಟ್ಟ ಹಾಗೆ ಕಪ್ಪಾಗಿರುತ್ತೆ. 2021ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಶಾಬ್ಲಿಯಲ್ಲಿ ಸಾಲುಗಳ ನಡುವೆ ದೊಡ್ಡ ದೊಡ್ಡ ಮೇಣದ ದೀಪ ಹಚ್ಚಿಟ್ಟ ಫೋಟೊಗಳನ್ನ ಎಷ್ಟೋ ಜನ "ಎಷ್ಟು ಚೆಂದ" ಅಂತ ಹಂಚಿಕೊಂಡಿದ್ದರು. ಅದು ದೀಪಾಲಂಕಾರ ಅಲ್ರೀ, ರಾತ್ರಿಯಿಡೀ ಬೆಳೆ ಉಳಿಸಿಕೊಳ್ಳೋ ಒದ್ದಾಟ. ನಾನಿದ್ದ ತೋಟದಲ್ಲಿ ತುಂತುರು ನೀರು ಹಾರಿಸುತ್ತಿದ್ದರು. ನೀರು ಹೆಪ್ಪುಗಟ್ಟುವಾಗ ಬಿಡೋ ಶಾಖದಿಂದ ಒಳಗಿನ ಚಿಗುರು ಬದುಕುತ್ತೆ, ಆದರೆ ನೀರು ನಡುವೆ ನಿಲ್ಲಬಾರದು. ನಸುಕಿನ ಮೂರಕ್ಕೆ ಪಂಪ್ ಕೆಮ್ಮಿತು ಅಂದರೆ ಮೂವರೂ ಓಡೋರು.

ಹೂವು ಬಂದದ್ದು ಗೊತ್ತೂ ಆಗಲ್ಲ, ಅಷ್ಟು ಸಣ್ಣದು. ಹಸಿರು ಟೊಪ್ಪಿಗೆ ಕಳಚಿ ಬೀಳುತ್ತೆ, ಅಷ್ಟೆ. ಆ ವಾರ ಮಳೆ ಹಿಡಿದರೆ ಕಾಯಿ ಕಚ್ಚಲ್ಲ. ಹೂವಿಂದ ಕೊಯ್ಲಿಗೆ ಸುಮಾರು ನೂರು ದಿನ ಅನ್ನೋದು ಹಳಬರ ಲೆಕ್ಕ. ನನ್ನನ್ನ ದಂಗುಬಡಿಸಿದ ಸಂಗತಿ ಇದು: ಈ ವರ್ಷದ ಹೂವು ಅರಳುವ ಆಸುಪಾಸಲ್ಲೇ, ಹೊಸ ಚಿಗುರಿನ ಕಣ್ಣೊಳಗೆ ಮುಂದಿನ ವರ್ಷದ ಗೊಂಚಲಿನ ಮೊಳಕೆಯೂ ಕೂರುತ್ತೆ. ಚಳಿಗಾಲದಲ್ಲಿ ಅಜ್ಜ ಒಂದು ಕಣ್ಣು ಉಳಿಸಿ ಇನ್ನೊಂದು ಕತ್ತರಿಸುವಾಗ, ಒಳಗೆ ಮಡಿಸಿಟ್ಟ ಗೊಂಚಲುಗಳಲ್ಲೇ ಆಯ್ಕೆ ಮಾಡ್ತಿರುತ್ತಾರೆ.

ಬೇಸಿಗೆ ಅಂದರೆ ಬೂದಿ ರೋಗ, ಬೂಜು ರೋಗ, ಔಷಧಿ ಹೊಡೆಯೋದು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣ ಹುಟ್ಟಿದ್ದು ದ್ರಾಕ್ಷಿಗಾಗಿಯೇ. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಬಳಿದ ನೀಲಿ ಮಿಶ್ರಣ ರೋಗವನ್ನೂ ತಡೆದದ್ದನ್ನ ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಪ್ರಕಟಿಸಿದರು. ಆಮೇಲೆ ಕಾಯಿಗೆ ಬಣ್ಣ ತಿರುಗುತ್ತೆ. ಒಂದೇ ಗೊಂಚಲಲ್ಲಿ ಒಂದು ಹಸಿರು, ಒಂದು ಕೆಂಪು, ಒಂದು ಆಗಲೇ ನೀಲಿ.

ಕೊಯ್ಲಿನ ಬಗ್ಗೆ ಎಲ್ಲರೂ ಬರೀತಾರೆ, ನಾನು ಬಿಡ್ತೀನಿ. ನೆಲಮಾಳಿಗೆಯ ಬಗ್ಗೆ ಮಾತ್ರ ಹೇಳಬೇಕು. ತೊಟ್ಟಿಯಲ್ಲಿ ರಸ ಕುದಿಯೋ ಹಾಗೆ ಉಕ್ಕುತ್ತೆ, ಸಿಪ್ಪೆಯೆಲ್ಲ ಮೇಲೆ ಬಂದು ಗಟ್ಟಿ ಮುಚ್ಚಳ ಕಟ್ಟುತ್ತೆ. ಅದನ್ನ ದಿನಕ್ಕೆ ಎರಡು ಮೂರು ಸಲ ರಸದೊಳಕ್ಕೆ ಒತ್ತಿ ಮುಳುಗಿಸಬೇಕು, ಅಪರಾತ್ರಿಯಾದರೂ ಸರಿ. ಹುಳಿಯುವಾಗ ಏಳೋ ಇಂಗಾಲದ ಡೈಆಕ್ಸೈಡ್ ಭಾರ, ಕೆಳಗೇ ನಿಲ್ಲುತ್ತೆ, ವಾಸನೆಯಿಲ್ಲದೆ ಜೀವ ತೆಗೆಯುತ್ತೆ. ಅಜ್ಜಿ ಬಾಗಿಲು, ಫ್ಯಾನು ಎಲ್ಲ ನೋಡದೆ ಯಾರನ್ನೂ ಮೆಟ್ಟಿಲು ಇಳಿಯೋಕೆ ಬಿಡುತ್ತಿರಲಿಲ್ಲ. ಮಗಳು ಮೇಲೆ ನಿಂತು ಮಾತಾಡಿಸ್ತಾನೇ ಇರೋಳು. ಕೆಳಗಿಂದ ಉತ್ತರ ಬರ್ತಾ ಇರಬೇಕು, ಅದು ಮನೆಯ ನಿಯಮ.

ಅಜ್ಜನಿಗೆ ಈಗ ಕಾಡೋದು ಕಾಲವೇ ಜರುಗುತ್ತಿರೋದು. ಅವರ ಅಪ್ಪ ಕೊಯ್ತಿದ್ದ ದಿನಕ್ಕೆ ಇವರ ಹಣ್ಣು ಪೀಪಾಯಿ ಸೇರಿರುತ್ತೆ. ಇದು ಮುದುಕರ ಹಳಹಳಿಕೆ ಅಲ್ಲ. ಫ್ರಾನ್ಸಿನ ಬೋನ್ ಊರಲ್ಲಿ 1354ರಿಂದ ಕೊಯ್ಲಿನ ತಾರೀಖುಗಳ ದಾಖಲೆ ಇದೆ. 1988ರಿಂದೀಚೆಗೆ ಅಲ್ಲಿ ಕೊಯ್ಲು ಮೊದಲಿಗಿಂತ ಸರಾಸರಿ 13 ದಿನ ಮುಂಚೆ ಬರ್ತಿದೆ. ಚಿಗುರೂ ಬೇಗ ಒಡೆಯೋದರಿಂದ ಹಿಮಕ್ಕೆ ಸಿಕ್ಕೋದೂ ಸುಲಭ. ದೊಡ್ಡ ಕಂಪನಿಯಾದರೆ ಬೇರೆ ಕಡೆ ಜಮೀನು ಕೊಂಡೀತು. ಇವರಿಗಿರೋದು ಇದೊಂದೇ ಇಳಿಜಾರು. ನಲವತ್ತು ವರ್ಷ ದುಡಿದರೂ ನಲವತ್ತೇ ಸಲ ವೈನು ಮಾಡೋ ಅವಕಾಶ. ಅದಕ್ಕೇ ಇಂಥ ಮನೆಯವರ ಕೆಲಸವನ್ನ ಯಾರಾದರೂ ಆರಾಮ ಅಂದರೆ ನನಗೆ ನಿಜಕ್ಕೂ ನೋವಾಗುತ್ತೆ.

ಹೊರಡೋ ಮೊದಲು ಮತ್ತೆ ಚಾಟ್ನಿ ಶುರುವಾಗಿತ್ತು. ಅಜ್ಜ ನನ್ನನ್ನ ನೇರ ಕೆಂಪು ದಾರದ ಬಳ್ಳಿಯ ಹತ್ತಿರ ಕರಕೊಂಡು ಹೋಗಿ ಕತ್ತರಿ ಕೊಟ್ಟರು. ನಾನು ಸವರಿದ ಜಾಗದ ಪಕ್ಕ, ಹಳೆ ತೋಳಿನೊಳಗಿಂದ ಒಂದು ಕಡ್ಡಿ ತಾನಾಗೇ ಬಂದಿತ್ತು. ಆ ವರ್ಷ ಅದು ಒಂದು ಗೊಂಚಲೂ ಬಿಟ್ಟಿರಲಿಲ್ಲ. ಬೆರಳಲ್ಲಿ ಮುಟ್ಟಿ ಎಣಿಸಿದೆ, ಒಂದು, ಎರಡು, ಇನ್ನೊಂದು ಸಲ ಎಣಿಸಿದೆ, ಎರಡನೇ ಕಣ್ಣಿನ ಮೇಲೆ ಕತ್ತರಿಸಿದೆ. ಅಜ್ಜ ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು.