ಕರ್ನಲ್ ಅವರ ಯಜಮಾನರು

ನಮ್ಮ ಊರು ಮದ್ದೂರಿನಿಂದ ಒಳಗೆ, ನಾಲೆ ಬಯಲಿನಲ್ಲಿದೆ. ಬಸ್ಸು ದಿನಕ್ಕೆರಡು ಸಲ ಬರುತ್ತದೆ, ಮಂತ್ರಿಗಳು ಐದು ವರ್ಷಕ್ಕೊಮ್ಮೆ. ಇಂಥ ಊರುಗಳ ಗಂಡಸರ ಮನಸ್ಸು ದೆಹಲಿಯ ಸುಪ್ರೀಂ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿ ಬಂದಿದೆ ಎಂದರೆ ನಂಬುವುದು ಕಷ್ಟ. ಆದರೆ ಹೇಳಿ ಬಂದದ್ದು ನಿಜ. ಸೇನೆಯ ಮಹಿಳಾ ಅಧಿಕಾರಿಗಳಿಗೆ ಕಾಯಂ ನೇಮಕಾತಿಯನ್ನೂ ತುಕಡಿಗಳ ನೇತೃತ್ವವನ್ನೂ ಕೊಡಬೇಕೇ ಎಂಬ ಬಬಿತಾ ಪುನಿಯಾ ಪ್ರಕರಣದಲ್ಲಿ ಕೇಂದ್ರ ಸರ್ಕಾರ ಸಲ್ಲಿಸಿದ ಟಿಪ್ಪಣಿಯ ಒಂದು ವಾದ ಹೀಗಿತ್ತು: ಜವಾನರು ಗಂಡಸರು, ಅದರಲ್ಲೂ ಹೆಚ್ಚಿನವರು ಹಳ್ಳಿಗಾಡಿನಿಂದ ಬಂದವರು, ಅಲ್ಲಿನ ಕಟ್ಟುಪಾಡುಗಳಲ್ಲಿ ಬೆಳೆದ ಅವರು ಹೆಣ್ಣೊಬ್ಬಳ ಅಧೀನದಲ್ಲಿ ಕೆಲಸ ಮಾಡಲು ಮಾನಸಿಕವಾಗಿ ಇನ್ನೂ ಸಿದ್ಧರಾಗಿಲ್ಲ.

ನಮಗೆ ನೋಟಿಸು ಬರಲಿಲ್ಲ, ಗ್ರಾಮ ಲೆಕ್ಕಿಗರು ಬಂದು ಮಹಜರು ಮಾಡಲಿಲ್ಲ. ಕಬ್ಬಿನ ಬಾಕಿ ಕೇಳಿ ಹೆದ್ದಾರಿಯಲ್ಲಿ ಕುಳಿತಾಗಲೂ ಕಾವೇರಿ ನೀರಿಗಾಗಿ ಬಾಯಿ ಬಡಿದುಕೊಂಡಾಗಲೂ ನಮ್ಮ ಮನಸ್ಸಿನಲ್ಲಿ ಏನಿದೆ ಎಂದು ದೆಹಲಿ ವಿಚಾರಿಸಿದ್ದಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಕೇಳದೆಯೇ ತಿಳಿದುಕೊಂಡಿತು. 2020ರ ಫೆಬ್ರವರಿ 17ರಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿ, ಕಾಯಂ ನೇಮಕಾತಿಯನ್ನೂ ನೇತೃತ್ವವನ್ನೂ ಮಹಿಳೆಯರಿಗೆ ಕೊಡಿ ಎಂದಿತು. ಅರಳಿಕಟ್ಟೆಗೆ ಮಾತ್ರ ತೀರ್ಪಿನ ಪ್ರತಿ ಇನ್ನೂ ತಲುಪಿದಂತಿಲ್ಲ. ಹೆಣ್ಣುಮಕ್ಕಳು ಯುದ್ಧಕ್ಕೆ ಹೋಗಬಹುದೇ ಎಂದು ಅಲ್ಲಿ ಈಗಲೂ ವಿಚಾರಣೆ ನಡೆದಿದೆ. ವಾದಿ, ಪ್ರತಿವಾದಿ, ನ್ಯಾಯಾಧೀಶರು, ಬೆಂಚು ಗುಮಾಸ್ತ ಎಲ್ಲರೂ ಗಂಡಸರು.

ಈ ಮಾನಸಿಕ ಸಿದ್ಧತೆಯನ್ನು ಅಳೆಯಬೇಕಾದವರು ಸಂಜೆ ಐದೂವರೆಗೆ ನಮ್ಮ ಮಹಿಳಾ ಡೇರಿಯ ಮುಂದೆ ಬಂದು ನಿಲ್ಲಬೇಕು. ಒಳಗೆ ಮೇಜಿನ ಹಿಂದೆ ಕಾರ್ಯದರ್ಶಿ ಇರುತ್ತಾರೆ. ಮೂಗಿನ ತುದಿಗೆ ಜಾರಿದ ಕನ್ನಡಕ, ಕಿವಿಗೆ ಸಿಕ್ಕಿಸಿದ ಪೆನ್ನು. ಕ್ಯಾನಿನಿಂದ ಒಂದು ಸೌಟು ಹಾಲೆತ್ತಿ ಅದರ ಗಟ್ಟಿತನ ಅಳೆಯುವ ಯಂತ್ರಕ್ಕೆ ಕೊಟ್ಟು, ಅಂಕಿ ಬರುವವರೆಗೂ ಎದುರಿಗಿದ್ದವರ ಮುಖವನ್ನು ನೋಡುವುದಿಲ್ಲ. ಮೊನ್ನೆ ಹೀಗೆ ನಿಂತವರು ತಾಲ್ಲೂಕು ಪಂಚಾಯಿತಿಗೆ ಎರಡು ಸಲ ಸ್ಪರ್ಧಿಸಿದ ಗಣ್ಯರು. ತಹಶೀಲ್ದಾರರನ್ನು ಏಕವಚನದಲ್ಲಿ ಮಾತನಾಡಿಸುವ ಮನುಷ್ಯ. ಕಾರ್ಯದರ್ಶಿ ತಲೆಯೆತ್ತದೆ, "ಡಿಗ್ರಿ ಬರುತ್ತಿಲ್ಲ ಅಣ್ಣ, ವಾಪಸ್ ತೆಗೆದುಕೊಂಡು ಹೋಗಿ" ಎಂದರು. ಅಣ್ಣ ಕೆಮ್ಮಿದರು, ಹಸು ಬದಲಾಗಿದೆ ಎಂದರು, ಮೇವು ಬದಲಾಗಿದೆ ಎಂದರು. ಕೊನೆಗೆ ಕ್ಯಾನಿನ ಮುಚ್ಚಳ ಹಾಕಿಕೊಂಡು ಹಿಂದಿನ ಓಣಿಯಿಂದ ಮನೆಗೆ ಹೋದರು. ಇಷ್ಟು ಶಿಸ್ತಿನ ಹಿಮ್ಮೆಟ್ಟುವಿಕೆಯನ್ನು ಯಾವ ಸೇನಾ ಅಕಾಡೆಮಿಯೂ ಕಲಿಸಲಾರದು.

ಮನೆಯೊಳಗಿನ ಕಥೆ ಹೇಳುವುದೇ ಬೇಡ. ಕಬ್ಬು ಯಾವಾಗ ಕಡಿಸಬೇಕು, ಹಸುವನ್ನು ಎಷ್ಟಕ್ಕೆ ಬಿಡಬೇಕು, ಬೀಗರ ಊಟಕ್ಕೆ ಎಷ್ಟು ಕುರಿ ಎಂಬ ತೀರ್ಮಾನಗಳೆಲ್ಲ ಅವ್ವನವು. ತೀರ್ಮಾನವನ್ನು ಕಟ್ಟೆಯ ಮೇಲೆ ಘೋಷಿಸುವ ಹಕ್ಕು ಅಪ್ಪನದು.

ಮಂಡ್ಯದ ಎಟಿಎಂ ಒಂದರ ಕಾವಲಿಗಿರುವ ನಮ್ಮೂರಿನ ನಿವೃತ್ತ ಹವಾಲ್ದಾರರು ಕಟ್ಟೆಯ ಚರ್ಚೆಗೆ ಬಂದರೂ ಬಾಯಿ ತೆರೆಯುವುದು ಅಪರೂಪ. ಒಮ್ಮೆ ಯಾರೋ ಒತ್ತಾಯಿಸಿದ್ದಕ್ಕೆ ಹೇಳಿದರು: "ಮೀಸೆ ಚಿಗುರದ ಹುಡುಗರಿಗೆ ಸೆಲ್ಯೂಟ್ ಹೊಡೆದವನು ನಾನು. ನೋಡುವುದು ಹೆಗಲ ಮೇಲಿನ ನಕ್ಷತ್ರ. ಅದರ ಮೇಲೆ ಎಂಥ ಮುಖವಿದೆ ಎಂದು ಯೋಚಿಸುತ್ತ ನಿಂತವನಿಗೆ ಸುಬೇದಾರ್ ಸಾಹೇಬರು ಮೈದಾನ ಸುತ್ತಿಸುತ್ತಿದ್ದರು." ಗುಂಡಿನ ಎದುರು ಓಡುವುದನ್ನು ಹಳ್ಳಿ ಹುಡುಗನಿಗೆ ಕೆಲವೇ ತಿಂಗಳಲ್ಲಿ ಕಲಿಸಬಲ್ಲ ಸೇನೆಗೆ, "ಆಗಲಿ ಮೇಡಂ" ಎನ್ನುವುದನ್ನು ಕಲಿಸಲು ಮಾತ್ರ ಕಾಲ ಕೂಡಿ ಬಂದಿರಲಿಲ್ಲ.

(ಈ ಚರ್ಚೆ ಎದ್ದಾಗಲೆಲ್ಲ ಒನಕೆ ಓಬವ್ವನನ್ನೂ ಕಿತ್ತೂರು ಚೆನ್ನಮ್ಮನನ್ನೂ ಬೆಟ್ಟದ ಚಾಮುಂಡಿಯನ್ನೂ ಎಳೆದು ತರುವ ಪದ್ಧತಿಯಿದೆ. ನಾನು ತರುವುದಿಲ್ಲ. ಅವರಿಗೆ ಜಯಂತಿ, ಉತ್ಸವ, ದಸರಾ ಎಂದು ಸಾಕಷ್ಟು ಕೆಲಸವಿದೆ. ಪೂಜೆಗೆ ಕುಳಿತವರನ್ನು ನೇಮಕಾತಿಗೆ ಕರೆಯುವುದು ಸಂಪ್ರದಾಯವೂ ಅಲ್ಲ.)

2018ರ ಡಿಸೆಂಬರ್‌ನಲ್ಲಿ ಆಗಿನ ಭೂಸೇನಾ ಮುಖ್ಯಸ್ಥರು ಸಂದರ್ಶನವೊಂದರಲ್ಲಿ ಇನ್ನೊಂದು ತೊಡಕನ್ನು ಮುಂದಿಟ್ಟಿದ್ದರು. ಮುಂಚೂಣಿಯಲ್ಲಿ ಹೆಣ್ಣುಮಕ್ಕಳು ಯಾರೋ ಇಣುಕುತ್ತಿದ್ದಾರೆ ಎಂದು ದೂರುತ್ತಾರೆ, ಅವರ ಸುತ್ತ ಬಟ್ಟೆ ಕಟ್ಟಿಸಬೇಕಾಗುತ್ತದೆ ಎಂದು. ಇಣುಕುವವನ ಕಣ್ಣಿಗೆ ಏನು ಮಾಡಬೇಕು ಎಂಬ ಪ್ರಶ್ನೆ ಅಲ್ಲಿ ಏಳಲಿಲ್ಲ. ಅದು ಪ್ರಕೃತಿ ವಿಕೋಪಗಳ ಸಾಲಿಗೆ ಸೇರಿರಬೇಕು. ನಮ್ಮ ಅಜ್ಜಿಯರು ಹಿತ್ತಿಲಿನಲ್ಲಿ ನಾಲ್ಕು ಗೂಟ ನೆಟ್ಟು ತೆಂಗಿನ ಗರಿಯ ತಡಿಕೆ ಕಟ್ಟಿ ಈ ರಾಷ್ಟ್ರೀಯ ಸಮಸ್ಯೆಯನ್ನು ಯಾವ ಕಾಲದಲ್ಲೋ ಬಗೆಹರಿಸಿಕೊಂಡಿದ್ದರು. 2025-26ರ ರಕ್ಷಣಾ ಬಜೆಟ್ಟು 6.81 ಲಕ್ಷ ಕೋಟಿ ರೂಪಾಯಿ. ಸಾಲದಿದ್ದರೆ ಗರಿಯನ್ನು ನಾವೇ ಕಳಿಸುತ್ತೇವೆ, ಲಾರಿ ಬಾಡಿಗೆ ಕೊಟ್ಟರೆ ಸಾಕು.

ತಮಾಷೆಯೆಂದರೆ ನಮ್ಮ ಕಟ್ಟುಪಾಡುಗಳು ನೆಲಕ್ಕೆ ಮಾತ್ರ ಅನ್ವಯಿಸುತ್ತವೆ. 2016ರಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಯುದ್ಧ ವಿಮಾನದ ಪೈಲಟ್‌ಗಳಾದರು. ಆಕಾಶದಲ್ಲಿ ಅರಳಿಕಟ್ಟೆ ಇಲ್ಲದ್ದರಿಂದ ಯಾರಿಗೂ ಮುಜುಗರವಾಗಲಿಲ್ಲ. 2023ರ ಏಪ್ರಿಲ್‌ನಲ್ಲಿ ಐವರು ಮಹಿಳಾ ಅಧಿಕಾರಿಗಳು ಫಿರಂಗಿ ದಳಕ್ಕೆ ಸೇರಿದರು. ಮದ್ದೂರಿನಲ್ಲಿ ಹಾರಿಸಿದರೆ ಮಂಡ್ಯದಾಚೆ ಬೀಳುವಂಥ ಗುಂಡುಗಳ ಲೆಕ್ಕ ಅವರ ಕೈಗೆ ಬಂತು. ಕಾಲಾಳುಗಳ ಪಡೆ, ಟ್ಯಾಂಕುಗಳ ಪಡೆ, ಯಾಂತ್ರೀಕೃತ ಪದಾತಿ ದಳ ಮಾತ್ರ ಬೇಡ. ಅಂದರೆ ಶತ್ರುವನ್ನು ಹೆಣ್ಣು ಕೊಲ್ಲಬಹುದು, ದೂರದಿಂದ. ಮರ್ಯಾದಸ್ಥ ಮನೆತನದ ಸೊಸೆಯ ಹಾಗೆ, ಅವನ ಎದುರಿಗೆ ನಿಲ್ಲದೆ.

ಅಪಾಯದ ವಿಷಯಕ್ಕೆ ಬಂದರೆ ಅದನ್ನು ಯಾರೂ ಹೆಣ್ಣುಮಕ್ಕಳಿಂದ ಮುಚ್ಚಿಟ್ಟಿರಲಿಲ್ಲ. ವೈದ್ಯಕೀಯ ವಿಭಾಗದ ಹೊರಗೂ 1992ರಿಂದ ಅವರನ್ನು ಅಧಿಕಾರಿಗಳಾಗಿ ತೆಗೆದುಕೊಂಡಿದ್ದಾರೆ. ಕಾಬೂಲ್‌ನಲ್ಲಿ 2010ರಲ್ಲಿ ಭಾರತೀಯರ ಮೇಲೆ ದಾಳಿಯಾದಾಗ ಮಿತಾಲಿ ಮಧುಮಿತಾ ತೋರಿದ ಧೈರ್ಯಕ್ಕೆ ಸೇನಾ ಪದಕ ಬಂತು. 2023ರಲ್ಲಿ ಕ್ಯಾಪ್ಟನ್ ಶಿವಾ ಚೌಹಾಣ್ ಸಿಯಾಚಿನ್‌ನ ಕುಮಾರ್ ಪೋಸ್ಟ್‌ಗೆ, 15,632 ಅಡಿ ಎತ್ತರಕ್ಕೆ, ಕರ್ತವ್ಯದ ಮೇಲೆ ಹೋದರು. ಬಾಂಬು, ಹಿಮ, ಗಡಿ ಇವೆಲ್ಲ ಧಾರಾಳವಾಗಿ ಸಿಕ್ಕಿದವು. ಕೈ ಬಿಗಿಹಿಡಿದದ್ದು ಕುರ್ಚಿ ಮತ್ತು ಪಿಂಚಣಿಯ ವಿಷಯದಲ್ಲಿ. ಹೆಚ್ಚಿನ ವಿಭಾಗಗಳ ಮಹಿಳೆಯರಿಗೆ ಸೇವೆ 14 ವರ್ಷಕ್ಕೆ ಮುಗಿಯುತ್ತಿತ್ತು. ಪಿಂಚಣಿಗೆ ಬೇಕಾದದ್ದು 20 ವರ್ಷ. ಹದಿನಾಲ್ಕು ವರ್ಷ ಮುಗಿಸಿ ಬಂದ ರಾಮನಿಗೆ ಪಟ್ಟಾಭಿಷೇಕವಾಯಿತು. ಇವರಿಗೆ ಒಂದು ಗುಂಪು ಫೋಟೊ.

ಕಟ್ಟೆಯ ವಾದಗಳಲ್ಲಿ ಅತ್ಯಂತ ಆರ್ದ್ರವಾದದ್ದು ಕೊನೆಗೆ ಬರುತ್ತದೆ. "ಗಡಿಯಿಂದ ಹೆಣ್ಣುಮಗಳ ಶವ ಪೆಟ್ಟಿಗೆಯಲ್ಲಿ ಬಂದರೆ ನಮ್ಮ ಸಮಾಜ ಸಹಿಸುತ್ತದೆಯೇ?" ಎಲ್ಲರೂ ತಲೆ ತಗ್ಗಿಸುತ್ತಾರೆ. ನಮ್ಮ ಜಿಲ್ಲೆಯ ಕರುಳು ಅಷ್ಟು ಮೆದು. 2023ರ ಕೊನೆಯಲ್ಲಿ ಇದೇ ಮಂಡ್ಯದ ಆಲೆಮನೆಯೊಂದರಲ್ಲಿ, ಬೆಲ್ಲದ ಕೊಪ್ಪರಿಗೆಯ ಪಕ್ಕದಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಅಲ್ಲಿಗೆ ಬಂದು ಹೋದವರು ಯಾರೂ ಹೆಣ್ಣುಮಗಳ ಶವವನ್ನು ಸಹಿಸಬೇಕಾಗಿ ಬರಲಿಲ್ಲ. ಪೆಟ್ಟಿಗೆಯೂ ಬೇಕಾಗಲಿಲ್ಲ.

ಇರಲಿ. ದೂರುವುದು ಸುಲಭ, ಪರಿಹಾರ ಹೇಳಬೇಕು. ಮಹಿಳೆಗೆ ಅಧಿಕಾರವನ್ನೂ ಕೊಟ್ಟು, ಗಂಡಸಿನ ಮಾನಸಿಕ ನೆಮ್ಮದಿಯನ್ನೂ ಕಾಪಾಡುವ ತಂತ್ರವನ್ನು ನಮ್ಮ ಗ್ರಾಮ ಪಂಚಾಯಿತಿಗಳು ಎಂದೋ ಕಂಡುಹಿಡಿದಿವೆ. ಇಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಅಧ್ಯಕ್ಷೆಯ ಹೆಸರು ಫಲಕದ ಮೇಲಿರುತ್ತದೆ, ಟವೆಲ್ ಹೊದಿಸಿದ ಕುರ್ಚಿಯ ಮೇಲೆ ಅವರ ಯಜಮಾನರಿರುತ್ತಾರೆ. ಮೊಹರು ಅವರ ಅಂಗಿಯ ಜೇಬಿನಲ್ಲಿ, ಶಾಯಿಯ ನೀಲಿ ಕಲೆ ಜೇಬಿನ ಅಂಚಿನಲ್ಲಿ. ಕರೆದರೆ "ಅಧ್ಯಕ್ಷರು ಮಾತನಾಡುತ್ತಿದ್ದೇನೆ" ಎಂದು ಫೋನೆತ್ತುವವರೂ ಅವರೇ. ಸ್ವಾತಂತ್ರ್ಯ ದಿನದ ಹಾರ ಮೊದಲು ಅವರ ಕೊರಳಿಗೆ ಬಿದ್ದು, ಫೋಟೊ ತೆಗೆಯುವವನು ಕೆಮ್ಮಿದ ಮೇಲೆ ಅಧ್ಯಕ್ಷೆಗೆ ವರ್ಗಾವಣೆಯಾಗುತ್ತದೆ. ಡೇರಿಯಲ್ಲಿ ಕಾರ್ಯದರ್ಶಿಯ ಮಾತಿಗೆ ಕ್ಯಾನು ಎತ್ತಿಕೊಂಡು ಹೋದ ಗಂಡಸೇ ಇಲ್ಲಿ ಹೀಗೆ ಕುಳಿತಿರುತ್ತಾನೆ. ಹೆಣ್ಣಿನ ಮಾತು ಕೇಳುವುದಕ್ಕೆ ಅವನಿಗೆ ತಕರಾರಿಲ್ಲ, ಮೊಹರು ಅವಳ ಕೈಯಲ್ಲಿರುವುದಕ್ಕೆ ಇದೆ.

ಸೇನೆಯೂ ಇದನ್ನೇ ಅನುಸರಿಸಲಿ. ಕರ್ನಲ್ ಹುದ್ದೆ ಮಹಿಳೆಗೆ, ಕರ್ನಲ್ ಪತಿಯ ಹುದ್ದೆ ಅವರ ಯಜಮಾನರಿಗೆ. ಜೀಪಿನ ಮುಂದಿನ ಸೀಟು ಯಜಮಾನರಿಗೆ, ಹಿಂದಿನದು ಕರ್ನಲ್ ಅವರಿಗೆ. ಕರ್ನಲ್ ನಕಾಶೆ ನೋಡಿ ಆದೇಶವನ್ನು ಮೆಲುದನಿಯಲ್ಲಿ ಹೇಳಬೇಕು, ಯಜಮಾನರು ಗಂಟಲು ಸರಿಮಾಡಿಕೊಂಡು ಅದನ್ನೇ ಜೋರಾಗಿ ಹೇಳಬೇಕು. ಹಳ್ಳಿಯಿಂದ ಬಂದ ಜವಾನನಿಗೆ ಮನೆಯಲ್ಲೇ ಇದ್ದಂತೆ ಅನ್ನಿಸುತ್ತದೆ. ಗಣರಾಜ್ಯೋತ್ಸವದ ದಿನ ವಂದನೆ ಸ್ವೀಕರಿಸಲು ಯಜಮಾನರಿಗೆ ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೊಂದು ಶಲ್ಯ ಸಾಕು; ಅದಕ್ಕೆ ನಕ್ಷತ್ರ ಹೊಲಿಸಿಕೊಳ್ಳುವುದು ಅವರವರ ಇಷ್ಟ.

ಯುದ್ಧ ಬಂದರೆ ಏನು ಗತಿ ಎಂದು ಹವಾಲ್ದಾರರು ಕೇಳಿದರು. ಅದಕ್ಕೂ ಪಂಚಾಯಿತಿಯಲ್ಲಿ ಪೂರ್ವನಿದರ್ಶನವಿದೆ. ಕಾಮಗಾರಿಯ ಬಿಲ್ಲಿನಲ್ಲಿ ಏರುಪೇರಾಗಿ ಜಿಲ್ಲೆಯಿಂದ ತನಿಖೆಗೆ ಬಂದ ದಿನ, ಯಜಮಾನರು ಜೇಬಿನಿಂದ ಮೊಹರು ತೆಗೆದು ಹೆಂಡತಿಯ ಕೈಗಿಟ್ಟು, "ಅಧ್ಯಕ್ಷರು ಇವರೇ ಸ್ವಾಮಿ, ನನಗೇನೂ ಗೊತ್ತಿಲ್ಲ" ಎಂದು ಹೊರಗೆ ಬಂದು ಬೀಡಿ ಹಚ್ಚಿದ್ದರು.