ಅಮೆರಿಕನ್ನರು ನಿಜಕ್ಕೂ ಹಾಗೇನಾ?

ಅಮೆರಿಕಕ್ಕೆ ಕಾಲಿಡದ ಕನ್ನಡಿಗರು ಬೇಕಾದಷ್ಟು ಜನ ಸಿಗುತ್ತಾರೆ. ಅಮೆರಿಕನ್ನರ ಬಗ್ಗೆ ಅಭಿಪ್ರಾಯ ಇಲ್ಲದವರು ಸಿಗುವುದು ಕಷ್ಟ. ಅಮೆರಿಕದಿಂದ ರಜೆಗೆ ಹಾಸನಕ್ಕೆ ಹೋದಾಗಲೆಲ್ಲ ಒಂದಿಷ್ಟು ಪ್ರಶ್ನೆಗಳು ಕಾದಿರುತ್ತವೆ. ಪ್ರಶ್ನೆ ಅನ್ನುವುದಕ್ಕಿಂತ ತೀರ್ಪು ಅನ್ನಬೇಕು. ನಾನು ಹೂಂ ಅಂದರೆ ಸಾಕು. "ಅಲ್ಲಿ ಹದಿನೆಂಟು ತುಂಬಿದ್ರೆ ಮಕ್ಕಳನ್ನ ಮನೆಯಿಂದ ಆಚೆ ಹಾಕ್ತಾರಂತೆ." "ಅಪ್ಪ ಅಮ್ಮನ್ನ ವೃದ್ಧಾಶ್ರಮಕ್ಕೆ ಸೇರಿಸಿ ಕೈ ತೊಳ್ಕೋತಾರಂತೆ." "ಬಾಯ್ತುಂಬ ನಗ್ತಾರೆ, ಆದ್ರೆ ಒಳಗೇನೂ ಇರಲ್ವಂತೆ."

ಯುರೋಪಿನವರ ದೂರುಗಳೇ ಬೇರೆ. ಇಂಗ್ಲಿಷರ ಪ್ರಕಾರ ಅಮೆರಿಕನ್ನರ ಗಂಟಲು ಜೋರು. ಫ್ರೆಂಚರ ಪ್ರಕಾರ ಅವರಿಗೆ ಊಟ ಮಾಡುವುದೇ ಗೊತ್ತಿಲ್ಲ. ಜರ್ಮನ್ನರ ಪ್ರಕಾರ ಅವರ ಸ್ನೇಹ ಎಲ್ಲ ಮೇಲುಮೇಲಿನದು. 2005ರಲ್ಲಿ ಪ್ಯೂ ಸಂಶೋಧನಾ ಸಂಸ್ಥೆ ಅಮೆರಿಕವೂ ಸೇರಿದಂತೆ 16 ದೇಶಗಳಲ್ಲಿ ಒಂದು ಸಮೀಕ್ಷೆ ಮಾಡಿತ್ತು. ಅದರಲ್ಲಿ ನನಗೆ ಮಜಾ ಅನಿಸಿದ್ದು ಇದು: ಅಮೆರಿಕನ್ನರಿಗೆ ದೇವರು ದಿಂಡರ ಹುಚ್ಚು ಜಾಸ್ತಿ ಎಂದು ಫ್ರಾನ್ಸ್ ಮತ್ತು ನೆದರ್ಲೆಂಡ್ಸ್‌ನ ಹೆಚ್ಚಿನವರು ಹೇಳಿದರು. ಅದೇ ಅಮೆರಿಕನ್ನರನ್ನು ಕೇಳಿದಾಗ, ನಮ್ಮ ಜನಕ್ಕೆ ಭಕ್ತಿ ಸಾಲದು ಎಂದರು. ತಮ್ಮವರು ದುರಾಸೆಯವರು ಎಂದು ಒಪ್ಪಿಕೊಳ್ಳುವುದರಲ್ಲೂ ಅವರು ಹಿಂದೆ ಬೀಳಲಿಲ್ಲ.

ಹಾಗಾದರೆ ಯಾವುದು ನಿಜ? ನಾನಿರುವುದು ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಇಲ್ಲಿಂದ ಸುಮಾರು ಒಂದೂವರೆ ಗಂಟೆ ಕಾರು ಓಡಿಸಿದರೆ ಹೋಮ್ಸ್ ಕೌಂಟಿ ಸಿಗುತ್ತದೆ. ಅಲ್ಲಿ ಆಮಿಶ್ ಎಂಬ ಸಂಪ್ರದಾಯಸ್ಥ ಕ್ರೈಸ್ತ ಪಂಗಡದ ಜನ ಇದ್ದಾರೆ. ಕಾರು ಇಟ್ಟುಕೊಳ್ಳುವುದಿಲ್ಲ, ಓಡಾಟಕ್ಕೆ ಕುದುರೆಗಾಡಿ. ಮಕ್ಕಳ ಓದು ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಈ ಹಕ್ಕನ್ನು ಸುಪ್ರೀಂ ಕೋರ್ಟೇ 1972ರಲ್ಲಿ ಎತ್ತಿಹಿಡಿದಿದೆ. ವಯಸ್ಸಾದ ಅಪ್ಪ ಅಮ್ಮನಿಗೆ ಮಗನ ಮನೆಗೆ ಹೊಂದಿಕೊಂಡೇ ಇನ್ನೊಂದು ಪುಟ್ಟ ಮನೆ ಕಟ್ಟಿಕೊಡುತ್ತಾರೆ. ಇವರೂ ಅಮೆರಿಕನ್ನರೇ ಅಲ್ವಾ? ನಮ್ಮ ಊರಿನವರ ಪಟ್ಟಿಯಲ್ಲಿ ಇವರು ಎಲ್ಲೂ ಇಲ್ಲ.

ಆದರೆ 'ಎಲ್ಲರೂ ಒಂದೇ ಥರ ಇರಲ್ಲ' ಎಂದು ಹೇಳಿ ಸುಮ್ಮನಾಗುವುದು ನನಗೆ ಸಮಾಧಾನ ಕೊಡುವುದಿಲ್ಲ. ಹೊರಗಿನವರು ನೋಡಿದ್ದು ಸುಳ್ಳಲ್ಲ. ಹೋಟೆಲಿನ ಹುಡುಗಿ ಹಲ್ಲು ಬಿಟ್ಟುಕೊಂಡೇ ಬರುತ್ತಾಳೆ, ನಿಜ. ನನ್ನ ತಕರಾರು ಇರುವುದು ಅದಕ್ಕೆ ಕೊಡುವ ಕಾರಣದ ಬಗ್ಗೆ. ಜನರ ಗುಣ ಎಂದು ನಾವು ಹೇಳುವುದರಲ್ಲಿ ಮುಕ್ಕಾಲು ಪಾಲು ಅಲ್ಲಿನ ಕಾನೂನು, ಸಂಬಳ, ರಸ್ತೆ, ದೂರ ಇವುಗಳಿಂದ ಬಂದದ್ದು.

ಆ ನಗುವನ್ನೇ ತೆಗೆದುಕೊಳ್ಳಿ. ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ಕೊಡಲೇಬೇಕಾದ ಕೂಲಿ, ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್. ಅದು 1991ರಿಂದ ಒಂದು ಸೆಂಟೂ ಏರಿಲ್ಲ. ಟಿಪ್ಸ್ ಸೇರಿಸಿಯೂ ಸಾಮಾನ್ಯ ಕನಿಷ್ಠ ಕೂಲಿಯಾದ 7.25 ಡಾಲರ್ ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕ ತುಂಬಬೇಕು. ಎಷ್ಟೋ ರಾಜ್ಯಗಳು ತಮ್ಮಲ್ಲಿ ಇದಕ್ಕಿಂತ ಜಾಸ್ತಿ ಇಟ್ಟಿವೆ, ಆದರೂ ಲೆಕ್ಕಾಚಾರ ಅದೇ. ಆಕೆಯ ಮನೆ ಬಾಡಿಗೆ ನಿಮ್ಮ ಜೇಬಿನಲ್ಲಿದೆ. ನಗದೆ ಇನ್ನೇನು ಮಾಡುತ್ತಾಳೆ? ನಮ್ಮ ದರ್ಶಿನಿಯ ಕೌಂಟರಿನವನು ಟೋಕನ್ ಕಿತ್ತು ಎಸೆಯುವ ಹಾಗೆ ಕೊಡುತ್ತಾನೆ. ಅವನ ಸಂಬಳಕ್ಕೂ ನಿಮ್ಮ ಮುಖಕ್ಕೂ ಸಂಬಂಧ ಇಲ್ಲ. ಇಬ್ಬರನ್ನೂ ಅದಲುಬದಲು ಮಾಡಿ, ಒಂದು ತಿಂಗಳು ನೋಡಿ.

ಇನ್ನೊಂದು ಮಾತು: ಅಮೆರಿಕನ್ನರಿಗೆ ಪ್ರಪಂಚ ಗೊತ್ತಿಲ್ಲ, ಪಾಸ್‌ಪೋರ್ಟೇ ಮಾಡಿಸುವುದಿಲ್ಲ. ಒಂದು ಕಾಲಕ್ಕೆ ಇದು ನಿಜವಾಗಿತ್ತು. ಆದರೆ ಯಾಕೆ ಮಾಡಿಸಬೇಕಿತ್ತು? ಕೆನಡಾಕ್ಕೋ ಮೆಕ್ಸಿಕೊಗೋ ಹೋಗಿ ಬರಲು ಪಾಸ್‌ಪೋರ್ಟ್ ಕಡ್ಡಾಯ ಆಗಿದ್ದೇ ವಿಮಾನದವರಿಗೆ 2007ರಲ್ಲಿ, ರಸ್ತೆಯಲ್ಲಿ ಹೋಗುವವರಿಗೆ ಅದು ಇಲ್ಲವೇ ಅಂಥದೇ ಗುರುತಿನ ಚೀಟಿ 2009ರಲ್ಲಿ. ನ್ಯೂಯಾರ್ಕಿನಿಂದ ಲಾಸ್ ಏಂಜಲಿಸ್ ಹೆಚ್ಚುಕಡಿಮೆ 4,000 ಕಿಲೋಮೀಟರ್. ಅಷ್ಟು ದೂರ ಹೋದರೂ ಅದೇ ದೇಶ, ಅದೇ ದುಡ್ಡು. ಅದರ ಮೇಲೆ, ಸಂಬಳ ಸಹಿತ ರಜೆ ಕೊಡಲೇಬೇಕು ಎನ್ನುವ ಫೆಡರಲ್ ಕಾನೂನು ಇಲ್ಲಿಲ್ಲ. ಜರ್ಮನಿಯಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಕಾನೂನೇ ಕೊಡುತ್ತದೆ. ಆ ಜರ್ಮನ್ ನಾಲ್ಕು ದೇಶ ಸುತ್ತಿ ಬಂದು, ಅಮೆರಿಕನ್ನರು ಬಾವಿ ಕಪ್ಪೆಗಳು ಅನ್ನುತ್ತಾನೆ.

ಈ ಗುಣಗಳು ಎಷ್ಟು ಬೇಗ ಅಳಿಸಿಹೋಗುತ್ತವೆ ಎನ್ನುವುದಕ್ಕೆ ನನಗೆ ಇಷ್ಟವಾದ ಒಂದು ಹಳೇ ಉದಾಹರಣೆ ಇದೆ. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1842ರಲ್ಲಿ ಅಮೆರಿಕ ಸುತ್ತಲು ಬಂದಿದ್ದ. ಇಲ್ಲಿ ಅವನಿಗೆ ಹೇಸಿಗೆ ಹುಟ್ಟಿಸಿದ್ದು ಏನು ಗೊತ್ತಾ? ಉಗುಳು. ಗಂಡಸರು ಹೊಗೆಸೊಪ್ಪು ಅಗಿದು ಎಲ್ಲೆಂದರಲ್ಲಿ ಉಗಿಯುತ್ತಿದ್ದರು. ಕೋರ್ಟಿನಲ್ಲೂ, ಸಂಸತ್ತಿನಲ್ಲೂ. ವಾಷಿಂಗ್ಟನ್ ಪಟ್ಟಣವನ್ನು ಅವನು ಉಗುಳಿನ ರಾಜಧಾನಿ ಎನ್ನುವ ಅರ್ಥದಲ್ಲಿ ಆಡಿಕೊಂಡ. ಆಗಿನ ಯುರೋಪಿನವರಿಗೆ ಅಮೆರಿಕನ್ ಅಂದರೆ ಉಗುಳುವವನು. ಮುಂದೆ ಸಿಗರೇಟು ಬಂತು, ಹೊಗೆಸೊಪ್ಪಿನ ಚಟ ಇಳಿಯಿತು. ಕ್ಷಯರೋಗದ ಹೆದರಿಕೆ ಹಬ್ಬಿತು. 1896ರಲ್ಲಿ ನ್ಯೂಯಾರ್ಕ್ ನಗರ ಕಂಡಕಂಡಲ್ಲಿ ಉಗುಳುವುದನ್ನು ನಿಷೇಧಿಸಿತು, ಬೇರೆ ಊರುಗಳೂ ಅದೇ ದಾರಿ ಹಿಡಿದವು. ಈಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಪಕ್ಕ ಇರುವ ಪೀಕದಾನಿಗಳು ಕಸದ ಬುಟ್ಟಿಯಾಗಿವೆ. ಮೆಜೆಸ್ಟಿಕ್ಕಿನ ಗೋಡೆ ನೋಡಿ 'ನಮ್ಮ ಜನಾನೇ ಇಷ್ಟು ಬಿಡಿ' ಅನ್ನುವವರಿಗೆ ನಾನು ಈ ಕತೆ ಹೇಳುತ್ತಿರುತ್ತೇನೆ. ಯಾರೂ ಅಷ್ಟಾಗಿ ಖುಷಿಪಡುವುದಿಲ್ಲ.

ಇನ್ನು ನಮ್ಮವರನ್ನೇ ನೋಡಿ. ಹಾಸನದಲ್ಲಿ ಫೋನ್ ಮಾಡದೆ ನಾಲ್ಕು ಮನೆಗೆ ನುಗ್ಗುತ್ತಿದ್ದವನು ಇಲ್ಲಿಗೆ ಬಂದು ಹತ್ತು ವರ್ಷ ಆಗುವಷ್ಟರಲ್ಲಿ, ಮೆಸೇಜ್ ಹಾಕದೆ ಬೆಲ್ ಒತ್ತಿದವರನ್ನು ಕಂಡರೆ ಸಿಡುಕುತ್ತಾನೆ. ಹಾಲು ತರಲು ಕಾರು, ಬೊಜ್ಜು ಕರಗಿಸಲು ಜಿಮ್ಮಿಗೆ ಹೋಗಲೂ ಕಾರು. ದಾರಿಯಲ್ಲಿ ಸಿಕ್ಕ ಅಪರಿಚಿತರಿಗೆ ಒಂದು ನಗು. ರಕ್ತ ಬದಲಾಯಿತೇ? ಇಲ್ಲ. ಹೊಸ ಬಡಾವಣೆಯಲ್ಲಿ ಫುಟ್‌ಪಾತ್ ಇಲ್ಲ, ಬಸ್ಸಿಲ್ಲ, ನಡೆದುಹೋಗುವಷ್ಟು ಹತ್ತಿರದಲ್ಲಿ ಅಂಗಡಿಯೂ ಇಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ, ಕೆಲಸದವರಿಲ್ಲದ ಮನೆಗೆ ಶನಿವಾರ ಬೆಳಿಗ್ಗೆ ಯಾರಾದರೂ ಹೇಳದೆ ಬಂದರೆ ಸೋಫಾ ಮೇಲಿನ ಒಗೆದ ಬಟ್ಟೆಯ ರಾಶಿಯನ್ನು ಎಲ್ಲಿ ಬಚ್ಚಿಡುವುದು?

ಆದರೆ ನನ್ನನ್ನು ಹೆಚ್ಚು ಚುಚ್ಚುವುದು ಆ ವೃದ್ಧಾಶ್ರಮದ ಮಾತು. ಅಮೆರಿಕದಲ್ಲಿ 65 ದಾಟಿದವರು ಐದೂವರೆ ಕೋಟಿಗೂ ಹೆಚ್ಚು. ನರ್ಸಿಂಗ್ ಹೋಮುಗಳಲ್ಲಿ ಇರುವವರು ಸುಮಾರು 12-13 ಲಕ್ಷ. ಬೇರೆ ಥರದ ಆಶ್ರಯ ಕೇಂದ್ರಗಳನ್ನು ಸೇರಿಸಿದರೂ ಬಹುಪಾಲು ಹಿರಿಯರು ಇರುವುದು ತಮ್ಮ ತಮ್ಮ ಮನೆಗಳಲ್ಲೇ. ಒಂಟಿಯಾಗಿರುವವರು ತುಂಬ ಜನ ಇದ್ದಾರೆ, ಅದು ನಿಜ. ಆದರೆ ಹಾಗೆ ಇರಲು ಅವರಿಗೆ ಸಾಧ್ಯವಾಗಿರುವುದು 1935ರ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಮತ್ತು 1965ರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನಿಂದ. ಕೈಯಲ್ಲಿ ಸ್ವಲ್ಪ ದುಡ್ಡು, ಆಸ್ಪತ್ರೆಗೆ ವಿಮೆ ಇದ್ದರೆ ಎಷ್ಟೋ ಮುದುಕರು ಮಗನ ಮನೆಯ ಮೂಲೆ ಕೋಣೆಗಿಂತ ತಮ್ಮ ಅಡುಗೆಮನೆಯೇ ಲೇಸು ಅನ್ನುತ್ತಾರೆ. ನಮ್ಮಲ್ಲೂ ಪಿಂಚಣಿ ಇರುವ ಮೇಷ್ಟ್ರುಗಳು ಅದನ್ನೇ ಅಂದದ್ದನ್ನು ಕೇಳಿದ್ದೇನೆ.

ನನ್ನ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಕೂತು ತಾವೇ ಅಂಗಳ ಸುತ್ತುತ್ತಾರೆ. ಮಗಳ ಮನೆ ಅಲ್ಲಿಂದ ಇಪ್ಪತ್ತು ನಿಮಿಷ. ಆಕೆ ವಾರಕ್ಕೆರಡು ಸಲ ಬಂದು ಮಾತ್ರೆ ಡಬ್ಬಿ ತುಂಬಿಸಿ ಹೋಗುತ್ತಾಳೆ. ಈ ಅಜ್ಜಿ ಒಂದು ದಿನ ಬೇಲಿಯ ಆಚೆಯಿಂದ, ನೀವು ಇಂಡಿಯಾದವರು ಅಪ್ಪ ಅಮ್ಮನನ್ನು ಕೊನೆತನಕ ಜೊತೆಯಲ್ಲೇ ಇಟ್ಟುಕೊಳ್ಳುತ್ತೀರಂತೆ, ಎಷ್ಟು ಚೆಂದ, ಎಂದರು. ನನ್ನ ಅಮ್ಮ ಹಾಸನದ ಮನೆಯಲ್ಲಿ ಒಬ್ಬರೇ ಇದ್ದಾರೆ. ಗೇಟಿಗೆ ಕ್ಯಾಮೆರಾ ಹಾಕಿಸಿದ್ದೇವೆ, ಇಲ್ಲಿಂದಲೇ ಫೋನಿನಲ್ಲಿ ನೋಡಬಹುದು. ಜಯನಗರ, ಕುವೆಂಪುನಗರದ ಬೀದಿಗಳಲ್ಲಿ ಇಂಥ ಮನೆಗಳು ಸಾಲುಸಾಲಾಗಿವೆ. ಇದಕ್ಕೂ ನಮ್ಮ ಪ್ರೀತಿಯ ಕೊರತೆ ಒಂದೇ ಕಾರಣ ಅಲ್ಲ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಗ್ರೀನ್ ಕಾರ್ಡ್ ಮಾಡಿಸಿದರೂ ಐದು ವರ್ಷ ಇಲ್ಲಿದ್ದ ಮೇಲೆಯೇ ಮೆಡಿಕೇರ್ ಕೊಳ್ಳಲು ಅವಕಾಶ. ಬಂದ ಅಮ್ಮಂದಿರಿಗೆ ಕಾರು ಓಡಿಸಲು ಬಾರದು, ಪಕ್ಕದ ಮನೆಯ ಮಾತು ತಿಳಿಯದು, ನಾಲ್ಕನೇ ತಿಂಗಳಿಗೇ ಟಿಕೆಟ್ ನೋಡು ಅನ್ನುತ್ತಾರೆ. ಆ ಅಜ್ಜಿಯ ಮಗಳು ಮಾಡುವಷ್ಟನ್ನು ನಮ್ಮಲ್ಲಿ ಎಷ್ಟು ಜನ ಮಾಡುತ್ತಿದ್ದೇವೆ? ಆದರೂ ಅವರದು ಕಲ್ಲು ಮನಸ್ಸು, ನಮ್ಮದು ಅನಿವಾರ್ಯ.

ಹೊಗಳಬೇಕಾದ್ದೂ ಇದೆ. ತನ್ನಷ್ಟಕ್ಕೆ ತಾನು ಬದುಕುವ ಜನ ಎಂದು ಪ್ರಪಂಚವೆಲ್ಲ ಆಡಿಕೊಳ್ಳುವ ಈ ದೇಶದಲ್ಲಿ ಬೆಂಕಿ ಆರಿಸುವವರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಸಂಬಳದ ನೌಕರರಲ್ಲ, ಸ್ವಯಂಸೇವಕರು. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಇಂಥ ಒಂದು ತಂಡ ಕಟ್ಟಿದ್ದ. ಸಣ್ಣ ಊರುಗಳಲ್ಲಿ ಸಂಬಳ ಕೊಡುವಷ್ಟು ತೆರಿಗೆ ಹುಟ್ಟುವುದಿಲ್ಲ, ಹಾಗಾಗಿ ಜನರೇ ಪೈಪು ಹಿಡಿಯುತ್ತಾರೆ. ನಮ್ಮ ಕನ್ನಡ ಕೂಟಗಳು ಈ ರೂಢಿಯನ್ನು ಚೆನ್ನಾಗಿ ಕಲಿತಿವೆ. ಅಡುಗೆಗೆ ಯಾರು, ಪಾರ್ಕಿಂಗಿಗೆ ಯಾರು ಎಂದು ಹಾಳೆ ಬರುತ್ತದೆ, ಹೆಸರು ಬರೆಯಬೇಕು. ಊರಿನಲ್ಲಿ ತಿಂದ ತಟ್ಟೆ ಎತ್ತದ ಮಹಾನುಭಾವರು ಇಲ್ಲಿ ರಾಜ್ಯೋತ್ಸವದ ಮರುದಿನ ಶಾಲೆಯ ಹಾಲ್ ಗುಡಿಸುವುದನ್ನು ಕಂಡಿದ್ದೇನೆ. (ಕೂಟ ಎರಡಾಗಿ ಒಡೆಯುವ ಕಲೆ ಮಾತ್ರ ಅಪ್ಪಟ ಸ್ವದೇಶಿ.)

ಬಂದೂಕಿನ ವಿಷಯದಲ್ಲಿ ಹೊರಗಿನವರ ಮಾತಿಗೆ ನನ್ನ ವಾದ ಏನೂ ಇಲ್ಲ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಎಂಬ ಸಂಶೋಧನಾ ಸಂಸ್ಥೆ 2018ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಇಲ್ಲಿನ ಸಾಮಾನ್ಯ ಜನರ ಕೈಯಲ್ಲಿ 39 ಕೋಟಿಗೂ ಹೆಚ್ಚು ಬಂದೂಕುಗಳಿದ್ದವು. ಅಂದರೆ ಆಗಿನ ಜನಸಂಖ್ಯೆಗಿಂತ ಜಾಸ್ತಿ. ಬಂದೂಕು ಹಿಡಿದವನು ನುಗ್ಗಿದರೆ ಎಂದು ನಮ್ಮ ಮಕ್ಕಳಿಗೆ ಶಾಲೆಯಲ್ಲಿ ದೀಪ ಆರಿಸಿ ಮೂಲೆಯಲ್ಲಿ ಅಡಗುವ ಅಭ್ಯಾಸ ಮಾಡಿಸುತ್ತಾರೆ. ಇದನ್ನು ಕೇಳಿದರೆ ಅಮೆರಿಕನ್ನರೇ 'ನಾವು ಇರುವುದೇ ಹಾಗೆ' ಅನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆಸ್ಟ್ರೇಲಿಯಾದವರಿಗೂ ಬಂದೂಕು ಅಂದರೆ ಇಷ್ಟವಿತ್ತು. 1996ರ ಏಪ್ರಿಲ್ 28ರಂದು ಪೋರ್ಟ್ ಆರ್ಥರ್‌ನಲ್ಲಿ ಒಬ್ಬ 35 ಜನರನ್ನು ಕೊಂದ. ಮೇ 10ಕ್ಕೆ ಅಲ್ಲಿನ ಸರ್ಕಾರಗಳು ಹೊಸ ನಿಯಮಕ್ಕೆ ಒಪ್ಪಿದವು, ಆಮೇಲೆ ಆರು ಲಕ್ಷಕ್ಕೂ ಹೆಚ್ಚು ಬಂದೂಕು ಕೊಂಡು ನಾಶ ಮಾಡಿದವು. ಇಲ್ಲಿ ಅಡ್ಡ ನಿಂತಿರುವುದು, ಬಂದೂಕು ಇಟ್ಟುಕೊಳ್ಳುವ ಹಕ್ಕನ್ನು ಕಾಯುವ, ಸಂವಿಧಾನದ 1791ರ ಎರಡನೇ ತಿದ್ದುಪಡಿ. ಅದನ್ನು ಬದಲಿಸಲು ಸಂಸತ್ತಿನ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು, ಮೇಲೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ ಬೇಕು. ಅಷ್ಟು ರಾಜ್ಯಗಳು ಇದಕ್ಕೆ ಒಟ್ಟಾಗುವ ಲಕ್ಷಣ ನನಗಂತೂ ಕಾಣುತ್ತಿಲ್ಲ.